ಕಿಂಡಿಯೊಳಗಿನ ಗೆರೆ

ಷಡಕ್ಷರಿಗೆ ಬಲಗಣ್ಣು ಇರಲಿಲ್ಲ. ಗುಡ್ಡೆ ಇತ್ತು, ರೆಪ್ಪೆ ಇತ್ತು. ಚಿಕ್ಕಂದಿನ ಸಿಡುಬಿನಲ್ಲಿ ಹೂ ಬಿದ್ದು ನೋಟ ಹೋಗಿತ್ತು. ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟ ಮೇಲೆ ಯಾರಾದರೂ ಆ ಮಾತು ಎತ್ತಿದರೆ, "ಫೋಟೋ ತಗಿಯೋರೆಲ್ಲ ಒಂದ್ ಕಣ್ಣು ಮುಚ್ತಾರೆ ಸಾ, ನಂಗೆ ಆ ಕೆಲ್ಸ ಉಳೀತು" ಅನ್ನುತ್ತಿದ್ದ. ಮರದ ಸ್ಟ್ಯಾಂಡ್ ಕ್ಯಾಮೆರಾದ ಹಿಂದೆ ಕರಿ ಬಟ್ಟೆ ಹೊದ್ದು ನಿಂತರೆ ಯಾವ ಕಣ್ಣಾದರೇನು. ಹತ್ತು ವರ್ಷ ಅವನಿಗೆ ಅಡ್ಡಿಯಾಗಲಿಲ್ಲ.

ಅಡ್ಡಿಯಾದದ್ದು ಅರವತ್ತಾರನೇ ಇಸವಿಯಲ್ಲಿ, ಜರ್ಮನ್ ಕ್ಯಾಮೆರಾ ಬಂದ ಮೇಲೆ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಸಾಹೇಬನೊಬ್ಬ ತೋಟ ಬಿಟ್ಟು ಹೋಗುವಾಗ ಯಳಂದೂರಿನ ಡಾಕ್ಟರೊಬ್ಬರ ಮೂಲಕ ಮಾರಿದ್ದು ಅದು. ಅಂಗೈಯಷ್ಟು ದೊಡ್ಡದು, ಕಲ್ಲಿನಷ್ಟು ಭಾರ. ಲೆನ್ಸಿನ ಮೂಲಕ ನೋಡುವಂತಿಲ್ಲ. ನೋಡುವುದಕ್ಕೆ ಎಡಮೂಲೆಯಲ್ಲಿ ಬೇರೆಯೇ ಒಂದು ಕಿಂಡಿ. ಆ ಕಿಂಡಿಯ ನಡುವೆ ಒಂದು ಸಣ್ಣ ಚೌಕ. ಚೌಕದೊಳಗೆ ಎದುರಿನದ್ದು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಎರಡನ್ನೂ ಒಂದು ಮಾಡಿದರೆ ದೂರ ಸರಿಯಾಯಿತು ಅಂತ ಅರ್ಥ. ಬಲಗಣ್ಣಿಟ್ಟು ನೋಡುವವರಿಗೆ ಅವರ ಮುಖವೇ ಕಿಂಡಿಗೆ ಬಿಸಿಲು ಬೀಳದಂತೆ ಮರೆಯಾಗುತ್ತದೆ. ಎಡಗಣ್ಣಿಟ್ಟರೆ ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತುತ್ತದೆ, ಕಣ್ಣು ಕಿಂಡಿಗೆ ಅಂಟುವುದಿಲ್ಲ, ಆ ಸಂದಿನಲ್ಲಿ ಬಿಸಿಲು ನುಗ್ಗುತ್ತದೆ. ಮಜ್ಜಿಗೆ ಚೆಲ್ಲಿದ ಹಾಗೆ ಕಿಂಡಿಯೊಳಗೆಲ್ಲ ಬೆಳ್ಳಗೆ. ಚೌಕ ಎಲ್ಲಿದೆ ಅನ್ನುವುದೇ ತಿಳಿಯುವುದಿಲ್ಲ.

ಈ ಕ್ಯಾಮೆರಾ ಇದೆ ಅನ್ನುವ ಕಾರಣಕ್ಕೇ ಅವನಿಗೆ ಒಡ್ಡಿನ ಕೆಲಸ ಸಿಕ್ಕಿತ್ತು. ಹನೂರಿನಿಂದ ಲೊಕ್ಕನಹಳ್ಳಿಗೆ ಹೋಗುವ ಕಡೆ, ಬೆಟ್ಟದಿಂದ ಇಳಿಯುವ ಹಳ್ಳವೊಂದಕ್ಕೆ ಅಡ್ಡಲಾಗಿ ಕಲ್ಲುಗಾರೆಯ ಗೋಡೆ ಏಳುತ್ತಿತ್ತು. ಗೋಡೆ ಎಷ್ಟು ಎದ್ದಿದೆ ಅಂತ ತೋರಿಸಲು ತಿಂಗಳಿಗೊಮ್ಮೆ ಫೋಟೋ ತೆಗೆದು ಆಫೀಸಿಗೆ ಕೊಡಬೇಕು. ಕಂಟ್ರಾಕ್ಟರು ಊರಲ್ಲಿರುತ್ತಿರಲಿಲ್ಲ; ಅವರ ಪರವಾಗಿ ಎಲ್ಲವನ್ನೂ ನೋಡುತ್ತಿದ್ದವನು ಮೇಸ್ತ್ರಿ ದೊಡ್ಡಮಾದಪ್ಪ. ಮೊದಲ ದಿನವೇ ಅವನು ಹೇಳಿದ್ದ: "ನೋಡಪ್ಪಾ, ಪಟ ಅಂದ್ರೆ ಮದ್ವೆ ಎಣ್ಣಿನ ಪಟ ಇದ್ದಂಗಿರ್ಬೇಕು. ಕಲೆಗಿಲೆ ಒಂದೂ ಕಾಣ್ಕೂಡ್ದು."

"ಆಯ್ತು ಬುಡಿ ಮೇಸ್ತ್ರಿ. ನಂದೊಂದು ಮಾತು ನಡೆಸ್ಕೊಡಿ. ನಮ್ ತಂಗಿ ಮಣ್ಣು ಓರ್ತಾಳೆ, ಬೆನ್ನು ಬಿದ್ದೋಗದೆ. ಅವ್ಳ ವಸಿ ನೆಳ್ಳಲ್ಲಿ ಆಕಿ."

ಪುಟ್ಟಬಸಮ್ಮ ಅವನ ಒಬ್ಬಳೇ ತಂಗಿ. ಬಂಡಳ್ಳಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಾ ಅಂದರೆ ಬರಲಿಲ್ಲ, ಅತ್ತಿಗೆಯ ಕೈಯ ಹಿಟ್ಟು ತನಗೆ ಜೀರ್ಣವಾಗುವುದಿಲ್ಲ ಅಂದಳು. ದೊಡ್ಡಮಾದಪ್ಪ ಮಾತು ಉಳಿಸಿಕೊಂಡ. ಅವಳನ್ನು ಮಣ್ಣಿನ ಬುಟ್ಟಿಯಿಂದ ಬಿಡಿಸಿ ಗೋಡೆಯ ಬುಡದಲ್ಲಿ ಕಲ್ಲುಸಂದಿಗೆ ಗಾರೆ ತುಂಬುವ ಗುಂಪಿಗೆ ಹಾಕಿದ. ಬೆಳಗಿನ ಬಿಸಿಲು ಇಳಿದ ಮೇಲೆ ಅಲ್ಲಿ ಸಂಜೆಯವರೆಗೂ ನೆರಳು. ಷಡಕ್ಷರಿ ತನ್ನಿಂದ ಒಂದು ಒಳ್ಳೆಯದಾಯಿತು ಅಂದುಕೊಂಡ.

ಜನವರಿಯಲ್ಲಿ ಅವನು ಎದುರಿನ ದಿಬ್ಬದ ಮೇಲೆ ನಿಂತು ಮೊದಲ ಸಲ ಗೋಡೆ ನೋಡಿದ. ಸೂರ್ಯ ಅವನ ಎಡ ಬೆನ್ನ ಹಿಂದೆ. ಎದುರಿಗೆ ಸುಣ್ಣದ ಗಾರೆ ಬಳಿದ ಅಷ್ಟುದ್ದ ಗೋಡೆ. ಹಿಂದಿನಿಂದಲೂ ಮುಂದಿನಿಂದಲೂ ಬೆಳಕು. ಕಿಂಡಿಯೊಳಗೆ ಏನೇನೋ ಕಂಡವು: ತನ್ನದೇ ರೆಪ್ಪೆಕೂದಲು, ಎರಡು ಬಿಳಿ ಚುಕ್ಕೆ, ತೂಬಿನಿಂದ ಬಲಕ್ಕೆ ಆಳೆತ್ತರಕ್ಕಿಂತ ಒಂದಿಷ್ಟು ಮೇಲೆ ಅಡ್ಡಲಾಗಿ ಒಂದು ಕಪ್ಪು ಎಳೆ. ಎಲ್ಲ ಬಿಸಿಲಿನ ಆಟ ಅಂದುಕೊಂಡು ದೂರವನ್ನು ಕಣ್ಣಳತೆಯಲ್ಲಿ ಇಟ್ಟು ಬಟನ್ ಒತ್ತಿದ.

ಗೋಡೆಯ ಎತ್ತರ ತಿಳಿಯಲೆಂದು ದೊಡ್ಡಮಾದಪ್ಪ ನಾಲ್ಕು ಆಳುಗಳನ್ನು ಬುಡದಲ್ಲಿ ನಿಲ್ಲಿಸಿದ್ದ. ಪ್ರತಿ ತಿಂಗಳೂ ಅವನಿಗೆ ಬೇಕಾದ ನಾಲ್ವರನ್ನೇ ನಿಲ್ಲಿಸುತ್ತಿದ್ದ. ಷಡಕ್ಷರಿ ದಿಬ್ಬದಿಂದ ಕೈ ಬೀಸಿ ಅವರನ್ನು ಹಿಂದಕ್ಕೆ, ಗೋಡೆಗೆ ಒತ್ತಾಗಿ ಸರಿಸುತ್ತಿದ್ದ. ಕಲ್ಲು ಒಡೆಯುವವರೂ ಮಣ್ಣು ಹೊರುವವರೂ ದೂರದಿಂದ ನೋಡಿ, "ನಮ್ ಮೊಖ ಏನ್ ಕೋತಿ ಕಚ್ಕಂಡೋಗದಾ ಮೇಸ್ತ್ರಿ?" ಅಂತ ಕೂಗುತ್ತಿದ್ದರು.

ರೀಲು ತೊಳೆದಾಗ ಫಿಲಂ ಮೇಲೂ ಒಂದು ಗೆರೆ ಇತ್ತು. ಕೂದಲಿಗಿಂತ ಸಣ್ಣದು. ಈ ಕ್ಯಾಮೆರಾದಲ್ಲಿ ಫಿಲಂ ಅಡ್ಡಕ್ಕೆ ಓಡುತ್ತದೆ. ಫಿಲಂ ಡಬ್ಬಿಯ ಬಾಯಿಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ಉದ್ದಕ್ಕೂ ಗೀರು ಬೀಳುತ್ತದೆ. ಆ ಜಾಗವೋ ಬರೀ ಧೂಳು. ಗೀರು ಅಂದುಕೊಂಡ. ಪೆನ್ಸಿಲನ್ನು ಸೂಜಿಯ ಹಾಗೆ ಚೂಪು ಮಾಡಿ, ಭೂತಗನ್ನಡಿ ಇಟ್ಟು, ಗೆರೆಯ ಮೇಲೆ ಚುಕ್ಕೆ ಚುಕ್ಕೆ ತುಂಬಿದ. ಹೆಣ್ಣು ನೋಡಲು ಕಳಿಸುವ ಫೋಟೋಗಳಲ್ಲಿ ಸಿಡುಬಿನ ಕಲೆ ಅಳಿಸಿ ಅಳಿಸಿ ಪಳಗಿದ ಕೈ. ಪ್ರಿಂಟಿನಲ್ಲಿ ಗೋಡೆ ನುಣ್ಣಗೆ ಬಂತು. ದೊಡ್ಡಮಾದಪ್ಪ ನೋಡಿ, "ಇದು ನೋಡು ಪಟ ಅಂದ್ರೆ" ಅಂದ.

ಆದರೆ ಕಿಂಡಿಯ ಕಾಟ ಅವನನ್ನು ಬಿಡಲಿಲ್ಲ. ಕಣ್ಣಳತೆಯನ್ನು ಎಷ್ಟು ದಿನ ನಂಬುವುದು? ಒಂದು ಸಲ ಫೋಟೋ ಮಂಕಾದರೆ ಕೆಲಸ ಬೇರೆಯವನಿಗೆ ಹೋಗುತ್ತದೆ, ಜೊತೆಗೆ ತಂಗಿಯ ನೆರಳೂ ಹೋಗುತ್ತದೆ.

ಫೆಬ್ರವರಿಯಲ್ಲಿ ಕಿಂಡಿಯ ಸುತ್ತ ಹೊಳೆಯುತ್ತಿದ್ದ ಬೆಳ್ಳಿಬಣ್ಣದ ಬಳೆಗೆ ಮನೆಯ ಕಾಡಿಗೆ ಮೆತ್ತಿಕೊಂಡು ಹೋದ. ಹರಳೆಣ್ಣೆಯ ಕಾಡಿಗೆ, ಹನೂರು ದಾಟುವಷ್ಟರಲ್ಲಿ ಬಿಸಿಲಿಗೆ ಕರಗಿ ಗಾಜಿಗೆ ಇಳಿದಿತ್ತು. ಒಂದು ಕಣ್ಣಿನ ಸುತ್ತ ಕಪ್ಪು ಬಳೆ ಮೂಡಿಸಿಕೊಂಡು ದಿಬ್ಬದಿಂದ ಇಳಿದವನನ್ನು ಕಂಡು ಗಾರೆಯ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಬಸಮ್ಮಾ, ನಿಮ್ಮಣ್ಣಂಗೆ ಯಾರೋ ದಿಷ್ಟಿ ತಗ್ದವ್ರೆ ನೋಡು" ಅಂದಳು ರಾಚಮ್ಮ.

"ಇರೋದೊಂದ್ ಕಣ್ಣು, ಸಿಂಗಾರ ಮಾಡ್ಕಂಡವ್ನೆ ಬುಡಕ್ಕ" ಅಂದಳು ಪುಟ್ಟಬಸಮ್ಮ. ಸೆರಗಿನ ತುದಿಯಿಂದ ಅಣ್ಣನ ಮುಖ ಒರೆಸಿದಳು.

ಆ ಸಲವೂ ಕಿಂಡಿಯಲ್ಲಿ ಎಳೆ ಕಂಡಿತ್ತು. ಎಣ್ಣೆ ಇಳಿದ ಗುರುತು ಅಂದುಕೊಂಡ. ಫಿಲಂ ಮೇಲೂ ಗೆರೆ ಇತ್ತು. ಡಬ್ಬಿ ಬದಲಾಯಿಸಿದ, ಗೆರೆಗೆ ಪೆನ್ಸಿಲು ಹಿಡಿದ.

ಮಾರ್ಚಿಯಲ್ಲಿ ಸ್ಟುಡಿಯೋದ ಕರಿ ಬಟ್ಟೆಯನ್ನೇ ಒಯ್ದು ತಲೆಗೂ ಕ್ಯಾಮೆರಾಕ್ಕೂ ಸೇರಿಸಿ ಹೊದ್ದ. ಹತ್ತು ಉಸಿರಿಗೆ ಗಾಜಿನ ಮೇಲೆ ಹಬೆ ಕೂತಿತು. ಎಳೆ ಈಗ ಸ್ವಲ್ಪ ದಪ್ಪ. ಹಬೆ ಅಂದುಕೊಂಡ. ಏಪ್ರಿಲಿನಲ್ಲಿ ಪುಟ್ಟಬಸಮ್ಮನನ್ನೇ ದಿಬ್ಬಕ್ಕೆ ಕರೆದು ಪಕ್ಕದಲ್ಲಿ ನಿಲ್ಲಿಸಿ ಕಿಂಡಿಗೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿಸಿದ. ಅವಳ ಕೈಗೆ ಸುಣ್ಣ ಮೆತ್ತಿತ್ತು, ಆ ಬಿಳುಪೂ ಕಿಂಡಿಯೊಳಗೆ ಹೊಳೆಯಿತು. ಅವನು ಬೈದ. ಅವಳು ಕೈ ತೆಗೆಯದೆ ಮಾತಾಡುತ್ತಲೇ ಇದ್ದಳು.

"ಆ ತೂಬಿನ್ ಬಲಕ್ಕೆ ಒಂದ್ ಕಡೆ ಗಾರೆ ನಿಲ್ಲಕ್ಕಿಲ್ಲ ಕಣಣ್ಣ. ಇವತ್ತು ತುಂಬುದ್ರೆ ಎಂಟ್ ದಿನಕ್ಕೆ ಉದ್ರೋಯ್ತದೆ. ರಾಚಕ್ಕ ಅಂತಾಳೆ, ಗ್ವಾಡೆ ನಮ್ ಅತ್ತೆ ಇದ್ದಂಗೆ, ಎಷ್ಟ್ ಆಕುದ್ರೂ ಬಾಯ್ ಮುಚ್ಚಕ್ಕಿಲ್ಲ ಅಂತ."

"ಅಲ್ಲಾಡ್ಬ್ಯಾಡ, ಸುಮ್ಕಿರು" ಅಂದ ಷಡಕ್ಷರಿ. ಅವನ ಗಮನವೆಲ್ಲ ಚೌಕದ ಮೇಲಿತ್ತು.

ಮೇ ತಿಂಗಳ ಹೊತ್ತಿಗೆ ಅವನಿಗೆ ಉಪಾಯ ಹೊಳೆಯಿತು. ಹಳೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಕಣ್ಣಿಡುವ ಬಳೆಗೆ ಬಿಗಿಯಾಗಿ ತೊಡಿಸಿದ. ಬಟ್ಟಲಿನಂತೆ ಚಾಚಿದ ಆ ರಬ್ಬರಿಗೆ ಕಣ್ಣಿನ ಕುಳಿ ಸರಿಯಾಗಿ ಕೂತಿತು, ಸಂದು ಮುಚ್ಚಿತು. ಕ್ಯಾಮೆರಾದ ಮುಂಭಾಗದಲ್ಲಿ ನೋಡುವ ಕಿಂಡಿ, ದೂರ ಅಳೆಯುವ ಕಿಂಡಿ, ಈ ಎರಡರ ನಡುವೆ ಮಂಜುಗಾಜಿನ ಇನ್ನೊಂದು ಕಿಂಡಿ ಇತ್ತು. ಫೋಟೋದಲ್ಲಿ ಎಷ್ಟು ಬರುತ್ತದೆ ಅಂತ ತೋರಿಸುವ ಒಳಗಿನ ಚೌಕಟ್ಟಿನ ಗೆರೆಗಳಿಗೆ ಬೆಳಕು ಕೊಡುವುದು ಅದು. ಬೇಡದ ಬಿಳುಪೂ ಅಲ್ಲಿಂದಲೇ ಒಳಗೆ ಬರುತ್ತಿದೆ ಅಂತ ಬೆರಳು ಅಡ್ಡವಿಟ್ಟು ಪರೀಕ್ಷೆ ಮಾಡಿ ತಿಳಿದುಕೊಂಡ. ಫಿಲಂ ಸುತ್ತಿ ಬರುವ ಕರಿ ಕಾಗದವನ್ನು ಕತ್ತರಿಸಿ ಅದರ ಅರ್ಧಕ್ಕೆ ಮೈದಾ ಅಂಟಿನಲ್ಲಿ ಅಂಟಿಸಿದ. ಬೀದಿಗೆ ಬಂದು ನಡುಮಧ್ಯಾಹ್ನ ಎದುರುಮನೆಯ ಸುಣ್ಣದ ಗೋಡೆಗೆ ಹಿಡಿದು ನೋಡಿದ. ಬಾವಿಯ ತಿಳಿನೀರಿನಲ್ಲಿ ನೋಡಿದ ಹಾಗಿತ್ತು. ಚೌಕ ಎದ್ದು ಕಾಣುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದ. ಅವಳು ನೋಡಿ, "ಗ್ವಾಡೆ ಕಾಣ್ತದೆ" ಅಂದು ಒಳಗೆ ಹೋದಳು.

ಮಾರನೇ ದಿನ ಒಡ್ಡಿನ ದಿಬ್ಬ ಹತ್ತಿ ಕಣ್ಣಿಟ್ಟ. ರೆಪ್ಪೆಕೂದಲು ಇಲ್ಲ, ಚುಕ್ಕೆಗಳಿಲ್ಲ, ಹಬೆ ಇಲ್ಲ. ಗೋಡೆಯ ಒಂದೊಂದು ಕಲ್ಲೂ ಬೇರೆ ಬೇರೆ. ತೂಬಿನ ಬಲಕ್ಕೆ ಎಳೆ ಇತ್ತು.

ಅವನು ಕ್ಯಾಮೆರಾ ಇಳಿಸಿ ಕಿಂಡಿಯ ಗಾಜು ಒರೆಸಿದ. ಮತ್ತೆ ನೋಡಿದ. ಚೌಕವನ್ನು ಎಳೆಯ ಮೇಲೆ ತಂದ. ಎಳೆ ಎರಡಾಯಿತು, ಉಂಗುರ ತಿರುಗಿಸಿದರೆ ಕಲ್ಲಿನ ಜೊತೆಗೇ ಒಂದಾಯಿತು. ಗಾಜಿನ ಮೇಲಿನ ಕಲೆ ಹಾಗೆ ಎರಡಾಗುವುದಿಲ್ಲ. ಆದರೂ ಫಿಲಂ ಮೇಲಿನದ್ದು ಗೀರಲ್ಲವೇ ಅಂತ ಮನಸ್ಸು ವಾದ ಮಾಡಿತು. ಎರಡು ಫೋಟೋ ಅಡ್ಡಕ್ಕೆ ತೆಗೆದ. ಆಮೇಲೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದು ಇನ್ನೊಂದು ತೆಗೆದ. ಗೀರಾದರೆ ಈ ಫೋಟೋದಲ್ಲಿ ಗೋಡೆಯನ್ನು ಮೇಲಿನಿಂದ ಕೆಳಗೆ ಸೀಳಬೇಕು. ಫಿಲಂ ಜೊತೆಗೆ ಗೀರೂ ತಿರುಗಲೇಬೇಕು.

ಕೊಳ್ಳೇಗಾಲಕ್ಕೆ ಬಂದವನು ಕಾಲು ತೊಳೆಯದೆ ಕತ್ತಲೆಕೋಣೆಗೆ ಹೋದ. ಫಿಲಂ ತೊಳೆದು ಬಲ್ಬಿಗೆ ಹಿಡಿದ. ಮೂರನೇ ಫೋಟೋದಲ್ಲೂ ಗೆರೆ ಗೋಡೆಯ ಮೇಲೆ ಅಡ್ಡವಾಗಿಯೇ ಮಲಗಿತ್ತು.

ಹಳೇ ಫಿಲಂಗಳನ್ನೆಲ್ಲ ತೆಗೆದ. ಒದ್ದೆ ಹತ್ತಿಯಿಂದ ತನ್ನ ಪೆನ್ಸಿಲನ್ನು ತಾನೇ ಒರೆಸಿದ. ಜನವರಿಯದ್ದು ಕೂದಲು. ಫೆಬ್ರವರಿಯದ್ದು ದಾರ. ಮಾರ್ಚಿ, ಏಪ್ರಿಲು ಹುರಿಯ ಹಾಗೆ. ಈಗಿನದ್ದರಲ್ಲಿ ಮೇಲಿನ ಕಲ್ಲುಸಾಲು ಕೆಳಗಿನದ್ದಕ್ಕಿಂತ ಮುಂದೆ ಬಂದು ನಿಂತಿತ್ತು. ಗೆರೆ ಅಂದರೆ ಅದರ ನೆರಳು. ಅದರ ಕೆಳಗೆ ಗಾರೆಯ ಬಾಣಲೆ ಮುಂದಿಟ್ಟುಕೊಂಡು ಕೂತ ಪುಟ್ಟಬಸಮ್ಮ, ಕಡಲೆಕಾಳಿನಷ್ಟು.

ಅವತ್ತು ರಾತ್ರಿ ಬೆಟ್ಟದ ಮೇಲೆ ಮಳೆ ಸುರಿಯಿತು. ಬೆಳಗಿನ ಮೊದಲ ಬಸ್ಸಿಗೆ ಅವನು ಹನೂರಿಗೆ ಹೊರಟ. ಅಲ್ಲಿಂದ ಸುಣ್ಣದ ಲಾರಿ ಹತ್ತಿ ಒಡ್ಡಿಗೆ ಬಂದಾಗ ಗೋಡೆಯ ಹಿಂದೆ ಕೆಂಪು ನೀರು ನಿಂತಿತ್ತು. ಎಲ್ಲರಿಗೂ ಖುಷಿ. ಮೊದಲ ನೀರು.

ಓವರ್‌ಸೀಯರು ಮೈಸೂರಿನ ಕಡೆಯವರು, ಶೆಡ್ಡಿನಲ್ಲಿ ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ದೊಡ್ಡಮಾದಪ್ಪ. ಷಡಕ್ಷರಿ ಗೋಡೆ ಬಿರುಕು ಬಿಟ್ಟಿದೆ ಅಂತ ಹೇಳಿದ. ಓವರ್‌ಸೀಯರು ಕೈಚಾಚಿ ಹಿಂದಿನ ಪ್ರಿಂಟುಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು.

"ಇವು ನೀವೇ ತೆಗೆದದ್ದು ಅಲ್ವಾ? ಇಷ್ಟು ತಿಂಗಳಿಂದ ಇಲ್ಲದ ಬಿರುಕು ನಿಮಗೆ ನಿನ್ನೆ ಕಂಡಿತೇನ್ರೀ?"

"ಇತ್ತು ಸಾ. ನಾನೇ ಅಳಿಸ್ದೆ."

"ಅಳಿಸಿದ್ರಾ? ಯಾಕೆ?"

"ಫಿಲಂ ಗೀರು ಅನ್ಕಂಡೆ. ಮೇಸ್ತ್ರೀನೂ ಕಲೆ ಕಾಣ್ಕೂಡ್ದು ಅಂದಿದ್ರು."

"ನಾನಾ?" ಅಂದ ದೊಡ್ಡಮಾದಪ್ಪ. "ಅಮಾಸೆ ಉಣ್ಣಿಮೆ ಒಂದೂ ತಿಳೀದು ಈ ಒಕ್ಕಣ್ಣಂಗೆ. ಬಿಸ್ಲು ತಲೆಗೆ ಏರದೆ ಸಾ."

ಷಡಕ್ಷರಿ ಫಿಲಂ ಚಾಚಿದ, ಬಿಳಿ ಕಪ್ಪಾಗಿ ಕಪ್ಪು ಬಿಳಿಯಾಗಿ ಕಾಣುವ ನೆಗೆಟಿವ್. ಓವರ್‌ಸೀಯರು ಬೆಳಕಿಗೆ ಹಿಡಿದರು. ದೊಡ್ಡಮಾದಪ್ಪ ಅವರ ಭುಜದ ಮೇಲಿಂದ ಇಣುಕಿ, "ಕರಿ ಗ್ವಾಡೆ, ಬಿಳಿ ಗೆರೆ. ನಮ್ದು ಬಿಳಿ ಗ್ವಾಡೆ ಕಣಪ್ಪ, ಇದ್ಯಾವೂರ್ ಗ್ವಾಡೆ ತಂದಿದ್ದೀಯ?" ಅಂದ. ಓವರ್‌ಸೀಯರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ನೋಡಿ, ಬಿರುಕು ಇದೆ ಅಂತ ನಾನು ಬರೆದರೆ, ಇಷ್ಟು ದಿನ ಸುಳ್ಳು ಫೋಟೋ ಕೊಟ್ಟಿದ್ದೀರಿ ಅಂತಲೂ ಬರೆಯಬೇಕಾಗುತ್ತೆ. ಸೋಮವಾರ ಇಂಜಿನಿಯರ್ ಬರ್ತಾರೆ. ಅವರೇ ನೋಡಲಿ. ಅಲ್ಲಿವರೆಗೆ ಆಳುಗಳ ಕಿವಿಗೆ ಹಾಕಿ ಗಾಬರಿ ಮಾಡಿಸಬೇಡಿ."

ಷಡಕ್ಷರಿ ಶೆಡ್ಡಿನಿಂದ ನೇರ ಗೋಡೆಯ ಬುಡಕ್ಕೆ ಹೋದ. ಗೋವಿಂದಮ್ಮ, ರಾಚಮ್ಮ, ಇನ್ನಿಬ್ಬರು ಹೆಂಗಸರು, ಪುಟ್ಟಬಸಮ್ಮ ಕೂತು ಗಾರೆ ತುಂಬುತ್ತಿದ್ದರು. ಗೆರೆಯಿಂದ ನೀರು ಜಿನುಗುತ್ತಿತ್ತು. ತಂಗಿಯ ರಟ್ಟೆ ಹಿಡಿದು ಏಳಿಸಿ, ಮಾತಾಡದೆ ದಿಬ್ಬದ ತನಕ ಎಳೆದುಕೊಂಡು ಬಂದ.

"ಬುಡಣ್ಣಾ, ಕೈ ನೋಯ್ತದೆ. ಅತ್ಗೆಗೆ ಏನಾರ ಆಯ್ತಾ?"

"ಆ ಗ್ವಾಡೆ ಬಿದ್ದೋಯ್ತದೆ ಕಣವ್ವ. ನೀ ಅಲ್ಲಿಗೆ ಓಗ್ಬ್ಯಾಡ."

ಅವಳು ಅವನ ಮುಖ ನೋಡಿದಳು. ಅಣ್ಣ ತಮಾಷೆ ಮಾಡುತ್ತಿಲ್ಲ ಅಂತ ಅವಳಿಗೆ ತಕ್ಷಣ ತಿಳಿಯಿತು.

"ಮತ್ತೆ ಅವ್ರು?"

ಅವನು ಶೆಡ್ಡಿನ ಕಡೆ ತಿರುಗಿ ನೋಡಿದ.

"ನಾನೊಬ್ಳು ಬಂದು ಇಲ್ಲಿ ನಿಂತ್ಕಳನಾ? ರಾಚಕ್ಕ ನಂಗೆ ನಿನ್ನೆ ಉಪ್ಸಾರು ಆಕ್ದವ್ಳು. ಕರಿ ಅವ್ರನ್ನೂ."

ಕರೆದರೆ ಬರುವವರಲ್ಲ. ಗೋಡೆ ಬೀಳುತ್ತದೆ ಅಂತ ಕೂಗಿದರೆ ದೊಡ್ಡಮಾದಪ್ಪ ಕಲ್ಲು ಒಡೆಯುವವರಿಂದ ಅವನನ್ನು ಹೊರಗೆ ದಬ್ಬಿಸುತ್ತಾನೆ. ಷಡಕ್ಷರಿ ಯೋಚಿಸಿದ್ದು ಒಂದೇ ಗಳಿಗೆ. ಕುತ್ತಿಗೆಯಲ್ಲಿದ್ದ ಕ್ಯಾಮೆರಾವನ್ನು ಎತ್ತಿ ಹಿಡಿದು, ಇಡೀ ಹಳ್ಳಕ್ಕೆ ಕೇಳುವಂತೆ ಕೂಗಿದ:

"ಎಲ್ಲಾರ್ದೂ ಪಟ ತಗೀತೀನಿ! ಎಲ್ಲಾರೂ ಬನ್ರಪ್ಪಾ! ಬನ್ರವ್ವಾ!"

ಎಲ್ಲರೂ ಬಂದರು. ಸುತ್ತಿಗೆ ಬಿಸಾಡಿ ಕಲ್ಲು ಒಡೆಯುವವರು ಬಂದರು. ಬುಟ್ಟಿ ಬೋರಲು ಹಾಕಿ ಮಣ್ಣು ಹೊರುವವರು ಬಂದರು. ಒಬ್ಬ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು ಅದನ್ನೇ ಹೆಗಲಿಗೆ ಹಾಕಿಕೊಂಡ. ಇಷ್ಟು ತಿಂಗಳು ದೂರ ನಿಂತು ನೋಡಿದವರು ಅವರು. ಫೋಟೋ ಅಂದರೆ ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೋಡೆಯ ಬುಡಕ್ಕೆ ಓಡಿ, ಬೆನ್ನು ಕೊಟ್ಟು, ಸಾಲಾಗಿ ನಿಂತರು. ಗಾರೆಯ ಹೆಂಗಸರು ಎದ್ದು ಸೆರಗು ಸರಿಮಾಡಿಕೊಂಡು ನಡುವೆ ಸೇರಿದರು.

"ಅಲ್ಲಲ್ಲ! ಇಲ್ಲಿ! ಈ ಕಡೆ!" ಷಡಕ್ಷರಿ ಎರಡೂ ಕೈ ಬೀಸಿದ.

ಕ್ಯಾಮೆರಾ ಹಿಡಿದವನು ಕೈ ಬೀಸಿದರೆ ಹಿಂದಕ್ಕೆ ಸರಿದು ಒತ್ತಾಗಿ ನಿಲ್ಲಬೇಕು. ಅವನೇ ಕಲಿಸಿದ್ದು. ಅವರು ಹಿಂದಕ್ಕೆ ಸರಿದು ಒತ್ತಾಗಿ ನಿಂತರು. ಅಲ್ಲಿ ಬುಡದಲ್ಲಿ ನೀರು ತೂಬಿನಿಂದ ಭೋರ್ಗರೆಯುತ್ತಿತ್ತು. ಮಾತು ಅವರಿಗೆ ಕೇಳುವಂತಿರಲಿಲ್ಲ. ಯಾರೋ ಹಲ್ಲು ಕಿರಿದರು. ರಾಚಮ್ಮ ಪಕ್ಕದವಳ ಪಕ್ಕೆ ತಿವಿದು ಸುಮ್ಮನಿರಿಸಿದಳು. ಫೋಟೋಗೆ ಎಲ್ಲರೂ ಉಸಿರು ಹಿಡಿದರು.

"ತತ್ತ್, ತಿಳೀನಿಲ್ಲ ಇವ್ಕೆ" ಅಂದಳು ಪುಟ್ಟಬಸಮ್ಮ. ಸೀರೆ ಎತ್ತಿ ಕಟ್ಟಿ ದಿಬ್ಬದಿಂದ ಇಳಿದಳು. ಷಡಕ್ಷರಿ ಕೈ ಚಾಚಿದ, ಸೆರಗು ಸಿಕ್ಕಿ ಜಾರಿತು. ಅವಳು ಓಡುತ್ತಲೇ ಕೂಗುತ್ತಿದ್ದಳು. ಸಾಲಿನ ಈ ತುದಿಯವರಲ್ಲಿ ಕೆಲವರಿಗೆ ಕೇಳಿಸಿರಬೇಕು. ಇಬ್ಬರು ಮೂವರು ಗೋಡೆ ಬಿಟ್ಟು ಮುಂದೆ ಬಂದರು. ಅವಳು ನಡುವಿನವರ ಹತ್ತಿರ ಹೋಗಿ ಗೋವಿಂದಮ್ಮನ ಕೈ ಹಿಡಿದು ಎಳೆದಳು.

ಗೋಡೆ ಒಡೆಯಲಿಲ್ಲ. ಗೆರೆಯ ಮೇಲಿನ ಭಾಗ ಪೆಟ್ಟಿಗೆಯ ಮುಚ್ಚಳ ಜಾರಿದ ಹಾಗೆ ಇಡಿಯಾಗಿ ಮುಂದಕ್ಕೆ ಜಾರಿತು. ಸದ್ದು ಆಮೇಲೆ ಬಂತು. ಅದರ ಹಿಂದೆ ಕೆಂಪು ನೀರು.

ಸಂಜೆಯವರೆಗೆ ಲೊಕ್ಕನಹಳ್ಳಿಯವರೂ ಬಂಡಳ್ಳಿಯವರೂ ಕಲ್ಲು ಎತ್ತಿದರು. ಹಳ್ಳದ ಕೆಳಗೆ ಒಂದು ಮೈಲಿಯವರೆಗೆ ಹುಡುಕಿದರು. ದೊಡ್ಡಮಾದಪ್ಪ ಶೆಡ್ಡಿನಲ್ಲಿ ಇರಲಿಲ್ಲ. ಓವರ್‌ಸೀಯರು ಒದ್ದೆ ಪ್ಯಾಂಟಿನಲ್ಲಿ ನಿಂತು ಒಂದೊಂದು ಹೆಣ ಬಂದಾಗಲೂ ಹೆಸರು ಕೇಳುತ್ತಿದ್ದರು. ಹೆಸರು ಹೇಳುತ್ತಿದ್ದವನು ಷಡಕ್ಷರಿ.

ಸತ್ತವರು ಹನ್ನೆರಡು ಜನ. ಗೋಡೆಯ ಬುಡದಲ್ಲಿ ಗಾರೆ ತುಂಬುತ್ತಿದ್ದವರು ನಾಲ್ವರು. ಪಟಕ್ಕೆ ಬಂದು ನಿಂತವರು ಏಳು. ಅವರನ್ನು ಕರೆತರಲು ಹೋದವಳು ಒಬ್ಬಳು.